ಗಾಳಿ-ಮಳೆಗೆ ಹಾನಿಗೊಂಡ ಮನೆಯ ವಿಮಾ ಕ್ಲೇಮು ತಿರಸ್ಕೃತವಾದಾಗ ಗ್ರಾಮ ಪಂಚಾಯತಿ ಸದಸ್ಯರು ಮಾಡಬೇಕಾದ ಕೆಲಸ

(ಬೈಲಹೊಂಗಲ ಉಪವಿಭಾಗದ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಮಾಹಿತಿಗಾಗಿ)



ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮನೆಗಳಿಗೆ ಹಾನಿ ಎರಡು ಕಾಲದಲ್ಲಿ ಉಂಟಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬೀಸುವ ಬಿರುಗಾಳಿಗೆ ತಗಡು, ಹಂಚುಗಳು ಹಾರಿಹೋಗುತ್ತವೆ. ಜುಲೈ-ಆಗಸ್ಟ್‌ನಲ್ಲಿ ಬಿಡದೆ ಸುರಿಯುವ ಮಳೆಗೆ ಮಣ್ಣಿನ ಗೋಡೆಗಳು ಕುಸಿಯುತ್ತವೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹರಿದು ರಾಮದುರ್ಗ ಮತ್ತು ಸವದತ್ತಿ ತಾಲ್ಲೂಕುಗಳ ನದಿದಂಡೆಯ ಊರುಗಳಲ್ಲಿ ಆದ ಹಾನಿಯನ್ನು ನಾವೆಲ್ಲರೂ ಕಂಡಿದ್ದೇವೆ. ಆಗ ಪಂಚನಾಮೆ, ಜಂಟಿ ಸಮೀಕ್ಷೆ, ಪರಿಹಾರದ ವರ್ಗ ಎಂಬ ಮಾತುಗಳು ಪ್ರತಿ ಪಂಚಾಯತಿಯ ಸದಸ್ಯರಿಗೂ ಪರಿಚಿತವಾದವು.

ಆದರೆ ಸರ್ಕಾರಿ ಪರಿಹಾರವಲ್ಲದೆ ಇನ್ನೊಂದು ದಾರಿಯೂ ಕೆಲವು ಕುಟುಂಬಗಳಿಗೆ ಇರುತ್ತದೆ. ಬ್ಯಾಂಕಿನ ಸಾಲದಿಂದ ಮನೆ ಕಟ್ಟಿಸಿದವರ ಹೆಸರಿನಲ್ಲಿ ಅನೇಕ ವೇಳೆ ಮನೆಯ ವಿಮೆಯೂ ಆಗಿರುತ್ತದೆ. ಅದರ ಕಂತು ಸಾಲದ ಖಾತೆಯಿಂದಲೇ ಕಡಿತವಾಗಿರುತ್ತದೆ, ಪಾಲಿಸಿಯ ಕಾಗದ ಬ್ಯಾಂಕಿನ ಕಡತದಲ್ಲಿಯೇ ಉಳಿದಿರುತ್ತದೆ. ಹಾನಿಯಾದ ಮೇಲೆ ಅರ್ಜಿ ಹಾಕಿದರೂ ಕೆಲವು ವಾರಗಳ ನಂತರ ಇಂಗ್ಲಿಷಿನಲ್ಲಿ ಒಂದು ಪುಟದ ತಿರಸ್ಕಾರ ಪತ್ರ ಬರುತ್ತದೆ. ಅಲ್ಲಿಗೆ ಎಲ್ಲವೂ ಮುಗಿಯಿತೆಂದು ಕುಟುಂಬದವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕಾಗಿಲ್ಲ ಎಂಬುದನ್ನೂ, ಅಂತಹ ಸಂದರ್ಭದಲ್ಲಿ ಗ್ರಾಮ ಪಂಚಾಯತಿಯ ಕಾಗದಪತ್ರಗಳಿಗೆ ಎಷ್ಟು ಬೆಲೆಯಿದೆ ಎಂಬುದನ್ನೂ ತಿಳಿಸುವುದು ಈ ಲೇಖನದ ಉದ್ದೇಶ.

ಒಂದು ಪ್ರಕರಣ

ನಾನು ಕರ್ತವ್ಯ ನಿರ್ವಹಿಸಿದ ಒಂದು ಪಂಚಾಯತಿಯಲ್ಲಿ ನಡೆದ ಸಂಗತಿಯಿಂದ ಆರಂಭಿಸುತ್ತೇನೆ. ಮೇ ತಿಂಗಳ ಒಂದು ಸಂಜೆ, ಕೃತ್ತಿಕಾ ಮಳೆಯ ದಿನಗಳಲ್ಲಿ, ಬಿರುಗಾಳಿ ಎದ್ದು ಒಂದು ಮನೆಯ ಹಿಂಭಾಗದ ತಗಡುಗಳು ಹಾರಿಹೋದವು. ಮುಂಭಾಗ ಇಟ್ಟಿಗೆಯದು, ಹಿಂಭಾಗ ಹಳೆಯ ಮಣ್ಣಿನ ಗೋಡೆಯದು. ಎರಡು ರಾತ್ರಿ ಸುರಿದ ಮಳೆ ಛಾವಣಿಯಿಲ್ಲದ ಆ ಗೋಡೆಯ ನೆತ್ತಿಯ ಮೇಲೆಯೇ ಬಿದ್ದಿತು. ನಾಲ್ಕನೆಯ ದಿನ, ಬಿಸಿಲು ಬಂದ ಮೇಲೆ, ಗೋಡೆ ಕುಸಿಯಿತು.

ಆ ಮನೆಯ ತಾಯಿ ಪಂಚಾಯತಿಗೆ ಬಂದು ದೃಢೀಕರಣ ಪತ್ರ ಕೇಳಿದರು. ನಾನು ಸ್ಥಳಕ್ಕೆ ಹೋಗಿ, ಬಿದ್ದ ಗೋಡೆಯನ್ನು ನೋಡಿ, ಗೋಡೆ ಕುಸಿದ ದಿನಾಂಕವನ್ನಷ್ಟೇ ನಮೂದಿಸಿ ಪತ್ರ ಬರೆದುಕೊಟ್ಟೆ. ಗಾಳಿ ಬೀಸಿದ ದಿನವನ್ನಾಗಲಿ ತಗಡು ಹಾರಿದ್ದನ್ನಾಗಲಿ ಬರೆಯಲಿಲ್ಲ. ಎರಡು ತಿಂಗಳ ನಂತರ ಅವರು ಒಂದು ಲಕೋಟೆ ಹಿಡಿದು ಮತ್ತೆ ಬಂದರು. “ಸಾಹೇಬರ, ಇದರಾಗ ಏನ್ ಬರದಾರ ನೋಡ್ರಿ” ಎಂದರು. ಪತ್ರದಲ್ಲಿದ್ದುದು ಇಷ್ಟು: ಪಂಚಾಯತಿಯ ದೃಢೀಕರಣದಂತೆ ಗೋಡೆ ಬಿದ್ದ ದಿನ ಬಿರುಗಾಳಿಯಾಗಲಿ ಮಳೆಯಾಗಲಿ ಇರಲಿಲ್ಲ, ಆದ್ದರಿಂದ ಗೋಡೆ ಹಳೆಯದಾಗಿ ಶಿಥಿಲಗೊಂಡು ಬಿದ್ದಿದೆ, ಕ್ಲೇಮು ತಿರಸ್ಕರಿಸಲಾಗಿದೆ.

ಅವರ ಕ್ಲೇಮು ತಿರಸ್ಕೃತವಾದದ್ದು ನನ್ನ ಸಹಿಯಿದ್ದ ಕಾಗದದ ಆಧಾರದ ಮೇಲೆ. ನಾನು ಸುಳ್ಳು ಬರೆದಿರಲಿಲ್ಲ, ಆದರೆ ಪೂರ್ತಿ ಸತ್ಯವನ್ನೂ ಬರೆದಿರಲಿಲ್ಲ. ಆ ನಂತರ ಏನು ಮಾಡಿದೆವು ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ಕೆಲವು ಮೂಲ ವಿಷಯಗಳು.

1. ಯಾವ ವಿಮೆ ಇದೆ ಎಂಬುದನ್ನು ಮೊದಲು ತಿಳಿಯಿರಿ

“ನಮಗೆ ವಿಮೆ ಐತಿ” ಎಂದು ಹೇಳುವ ಎಲ್ಲರಿಗೂ ಮನೆಯ ವಿಮೆ ಇರುವುದಿಲ್ಲ. ವರ್ಷಕ್ಕೆ 436 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆ ಜೀವ ವಿಮೆ. 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತ ವಿಮೆ. ಇವೆರಡರಲ್ಲಿಯೂ ಮನೆಯ ಹಾನಿಗೆ ಏನೂ ದೊರೆಯುವುದಿಲ್ಲ. ಮನೆಸಾಲದೊಂದಿಗೆ ಕೊಡುವ ವಿಮೆಯಲ್ಲಿಯೂ ಎರಡು ಬಗೆ ಇದೆ. ಸಾಲಗಾರ ತೀರಿಕೊಂಡರೆ ಸಾಲವನ್ನು ಭರಿಸುವುದು ಒಂದು, ಕಟ್ಟಡಕ್ಕೆ ಹಾನಿಯಾದರೆ ಹಣ ಕೊಡುವುದು ಇನ್ನೊಂದು. ಬ್ಯಾಂಕಿಗೆ ಲಿಖಿತವಾಗಿ ಕೇಳಿ ಪಾಲಿಸಿಯ ಪ್ರತಿ ಪಡೆಯುವುದು ಮೊದಲ ಕೆಲಸ. ಅದರಲ್ಲಿ ನಾಲ್ಕು ಅಂಶಗಳನ್ನು ನೋಡಬೇಕು: ವಿಮಾ ಅವಧಿ, ವಿಮೆ ಮಾಡಿದ ಕಟ್ಟಡದ ವಿವರ, ವಿಮಾ ಮೊತ್ತ, ವಿಮೆ ಯಾರ ಹೆಸರಿನಲ್ಲಿದೆ ಎಂಬುದು.

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿಯನ್ನು ನೀಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಚಂಡಮಾರುತ, ನೆರೆ, ಜಲಾವೃತ, ಭೂಕಂಪ, ಭೂಕುಸಿತ, ಮನೆಯ ಮೇಲೆ ಮರ ಬೀಳುವಂತಹ ಹೊರಗಿನ ಆಘಾತ ಮುಂತಾದವು ಅದರ ವ್ಯಾಪ್ತಿಗೆ ಬರುತ್ತವೆ. ನಷ್ಟ ಕಂಡ ದಿನದಿಂದ 30 ದಿನಗಳೊಳಗೆ ಕ್ಲೇಮು ನಮೂನೆ ಸಲ್ಲಿಸಬೇಕು. ಅವಶೇಷ ತೆರವಿಗೆ ಕ್ಲೇಮು ಮೊತ್ತದ ಶೇ. 2ರವರೆಗೆ, ಎಂಜಿನಿಯರರ ಶುಲ್ಕಕ್ಕೆ ಶೇ. 5ರವರೆಗೆ ಪ್ರತ್ಯೇಕವಾಗಿ ಪಡೆಯಲು ಅವಕಾಶವಿದೆ. ಮನೆಯ ಬೆಲೆಗಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಲಾಗಿದೆ ಎಂಬ ಕಾರಣದಿಂದ ಪ್ರಮಾಣಾನುಸಾರ ಕಡಿತ ಮಾಡುವ ಹಳೆಯ ಪದ್ಧತಿ ಈ ಪಾಲಿಸಿಯಲ್ಲಿ ಇಲ್ಲ.

2. ಸರ್ಕಾರಿ ಪರಿಹಾರ ಬೇರೆ, ವಿಮೆ ಬೇರೆ

ಪ್ರಕೃತಿ ವಿಕೋಪ ಪರಿಹಾರವು ಸರ್ಕಾರ ನೀಡುವ ನೆರವು. 2022–23ರಿಂದ 2025–26ರ ಅವಧಿಯ ಕೇಂದ್ರದ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ಣ ಅಥವಾ ತೀವ್ರ ಹಾನಿಯಾದ ಮನೆಗೆ 1,20,000 ರೂಪಾಯಿ, ಕನಿಷ್ಠ ಶೇ. 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ಹಾಗೂ ಕಚ್ಚಾ ಮನೆಗೆ 4,000 ರೂಪಾಯಿ. 2019ರ ನೆರೆಯ ಸಂದರ್ಭದಲ್ಲಿ ರಾಜ್ಯ ಸರ್ಕಾರ ಇದಕ್ಕೆ ತನ್ನ ಪಾಲನ್ನು ಸೇರಿಸಿ ಶೇ. 75ಕ್ಕಿಂತ ಹೆಚ್ಚು ಹಾನಿಯಾದ ‘ಎ’ ವರ್ಗದ ಮನೆಗೆ 5 ಲಕ್ಷ ರೂಪಾಯಿ, ಶೇ. 15ರಿಂದ 25ರಷ್ಟು ಹಾನಿಯಾದ ‘ಸಿ’ ವರ್ಗಕ್ಕೆ 50,000 ರೂಪಾಯಿ ನೀಡಿತು. ಈ ನೆರವಿನ ವರ್ಗದ ಬಗ್ಗೆ ತಕರಾರಿದ್ದರೆ ತಹಶೀಲ್ದಾರರಿಗೂ, ಅನಂತರ ಬೈಲಹೊಂಗಲದ ಉಪವಿಭಾಗಾಧಿಕಾರಿಗಳಿಗೂ ಮನವಿ ಸಲ್ಲಿಸಬೇಕು.

ವಿಮೆ ಹಾಗಲ್ಲ. ಅದು ಹಣ ಪಡೆದು ಮಾಡಿಕೊಂಡ ಕರಾರು. ಅಲ್ಲಿ ಕೇಳುವುದು ದಯೆಯನ್ನಲ್ಲ, ಕರಾರಿನ ಪಾಲನೆಯನ್ನು. ಸರ್ಕಾರಿ ಪರಿಹಾರಕ್ಕೆ ಅರ್ಜಿ ಹಾಕಿದ ಮಾತ್ರಕ್ಕೆ ವಿಮಾ ಕ್ಲೇಮಿನ ಹಕ್ಕು ಹೋಗುವುದಿಲ್ಲ. ಆದರೆ ಎರಡೂ ಅರ್ಜಿಗಳಲ್ಲಿ ದಿನಾಂಕ, ಕಾರಣ, ಹಾನಿಯ ಪ್ರಮಾಣ ಒಂದೇ ರೀತಿ ಇರಬೇಕು. ಪಡೆದ ಪರಿಹಾರವನ್ನು ಮುಚ್ಚಿಡಬಾರದು.

3. ತಿರಸ್ಕಾರ ಪತ್ರವನ್ನು ಓದುವ ಬಗೆ

ದೂರವಾಣಿಯಲ್ಲಿ “ಆಗೂದಿಲ್ಲ” ಎಂದು ಹೇಳಿದ್ದನ್ನು ತಿರಸ್ಕಾರವೆಂದು ಒಪ್ಪಿಕೊಳ್ಳಬಾರದು. ಕಾರಣವನ್ನು ಪಾಲಿಸಿಯ ಯಾವ ಷರತ್ತಿನಡಿ ಎಂಬ ಉಲ್ಲೇಖದೊಂದಿಗೆ ಲಿಖಿತವಾಗಿ ಕೇಳಬೇಕು. ಸರ್ವೇಯರರ ವರದಿಯ ಪ್ರತಿಯನ್ನೂ ಜೊತೆಗೇ ಕೇಳಬೇಕು.

ಲಿಖಿತ ಕಾರಣಕ್ಕೆ ಕಾನೂನಿನಲ್ಲಿ ದೊಡ್ಡ ಮಹತ್ವವಿದೆ. ಸೌರಾಷ್ಟ್ರ ಕೆಮಿಕಲ್ಸ್ ವಿರುದ್ಧ ನ್ಯಾಷನಲ್ ಇನ್ಶೂರೆನ್ಸ್ ಪ್ರಕರಣದಲ್ಲಿ (2019) ಸುಪ್ರೀಂ ಕೋರ್ಟ್, ತಿರಸ್ಕಾರ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಕಂಪನಿ ಆಮೇಲೆ ಮುಂದಿಡುವಂತಿಲ್ಲ ಎಂದು ಹೇಳಿದೆ. ಆದ್ದರಿಂದ ಆ ಪತ್ರದಲ್ಲಿರುವ ಕಾರಣಗಳಿಗೆ ಒಂದೊಂದಾಗಿ ಉತ್ತರ ಕೊಟ್ಟರೆ ಸಾಕು. ಸರ್ವೇಯರರ ವರದಿಯೂ ಅಂತಿಮವಲ್ಲ. ನ್ಯೂ ಇಂಡಿಯಾ ಅಶ್ಯೂರೆನ್ಸ್ ವಿರುದ್ಧ ಪ್ರದೀಪ್ ಕುಮಾರ್ ಪ್ರಕರಣದಲ್ಲಿ (2009) ಅದೇ ನ್ಯಾಯಾಲಯ, ಆ ವರದಿ ಮಹತ್ವದ್ದಾದರೂ ಅದೇ ಕೊನೆಯ ಮಾತಲ್ಲ, ಬೇರೆ ಸಾಕ್ಷ್ಯವಿದ್ದರೆ ಅದರಿಂದ ಭಿನ್ನವಾದ ತೀರ್ಮಾನಕ್ಕೆ ಬರಬಹುದು ಎಂದಿದೆ. ಆ ಬೇರೆ ಸಾಕ್ಷ್ಯ ಹಳ್ಳಿಯಲ್ಲಿ ಬಹುಪಾಲು ಪಂಚಾಯತಿಯ ಬಳಿಯಲ್ಲಿಯೇ ಇರುತ್ತದೆ.

4. ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಮತ್ತು ಅವುಗಳಿಗೆ ಉತ್ತರ

(ಅ) “ಮನೆ ಹಳೆಯದು, ಸವೆದು ಬಿದ್ದಿದೆ.” ನಮ್ಮ ಭಾಗದಲ್ಲಿ ಅತಿ ಹೆಚ್ಚು ಎದುರಾಗುವ ಕಾರಣ ಇದು. ಸಹಜ ಸವೆತಕ್ಕೆ ವಿಮೆ ಅನ್ವಯಿಸುವುದಿಲ್ಲ ಎಂಬುದು ನಿಜ. ಆದರೆ ಮನೆ ಹಳೆಯದಾಗಿದ್ದರೂ ಬಿರುಗಾಳಿಯಿಂದಲೇ ಹಾನಿಯಾಗಿದ್ದರೆ ಅದು ಬಿರುಗಾಳಿಯ ಹಾನಿಯೇ. ಅದನ್ನು ತೋರಿಸಿಕೊಡುವುದಕ್ಕೆ ಸ್ವಲ್ಪ ಎಂಜಿನಿಯರಿಂಗ್ ತಿಳಿವಳಿಕೆ ಬೇಕು.

ಗಾಳಿಯ ಒತ್ತಡವನ್ನು ಲೆಕ್ಕ ಹಾಕುವ ಸರಳ ಸೂತ್ರವೊಂದಿದೆ. ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿ.ಮೀ. ವೇಗದ ಗಾಳಿ ಪ್ರತಿ ಚದರ ಮೀಟರಿಗೆ ಸುಮಾರು 24 ಕೆ.ಜಿ. ಭಾರದಷ್ಟು ಒತ್ತಡವನ್ನು ಉಂಟುಮಾಡುತ್ತದೆ. ಛಾವಣಿಯ ಮೇಲೆ ಈ ಒತ್ತಡ ಹೆಚ್ಚಾಗಿ ಮೇಲಕ್ಕೆ ಸೆಳೆಯುತ್ತದೆ. ಒಂದು ಮೀಟರ್ ಅಗಲ, ಮೂರು ಮೀಟರ್ ಉದ್ದದ ತಗಡಿನ ಮೇಲೆ ಇದು 70 ಕೆ.ಜಿ.ಗೂ ಹೆಚ್ಚಾಗುತ್ತದೆ. ತಗಡಿನ ಸ್ವಂತ ತೂಕ 12ರಿಂದ 15 ಕೆ.ಜಿ. ಮಾತ್ರ. ಕೊಕ್ಕೆ-ಬೋಲ್ಟುಗಳು ಸರಿಯಾಗಿದ್ದರೂ ತಗಡು ಹರಿದು ಹಾರುವುದು, ಮೇಲೆ ಹೇರಿದ ಕಲ್ಲುಗಳು ಉರುಳುವುದು ಇದರಿಂದಲೇ. ಬೋಲ್ಟಿನ ತೂತು ಉದ್ದಕ್ಕೆ ಸೀಳಿರುವುದು, ಕೊಕ್ಕೆ ಬಾಗಿರುವುದು, ತಗಡುಗಳು ಒಂದೇ ದಿಕ್ಕಿಗೆ ದೂರ ಹೋಗಿ ಬಿದ್ದಿರುವುದು ಗಾಳಿಯ ಗುರುತುಗಳು. ತುಕ್ಕು ತಿಂದು ಉದುರಿದ ತಗಡಿನಲ್ಲಿ ಇವು ಕಾಣುವುದಿಲ್ಲ. ಹಾರಿದ ತಗಡನ್ನು ತಂದು ಒಟ್ಟುವ ಮೊದಲು ಅದು ಬಿದ್ದ ಜಾಗದಲ್ಲಿಯೇ ಚಿತ್ರ ತೆಗೆಯಬೇಕೆಂದು ಹೇಳುವುದು ಇದಕ್ಕಾಗಿ.

ಗೋಡೆಯ ಬಿರುಕುಗಳಲ್ಲಿಯೂ ಹಳೆಯದು, ಹೊಸದು ಎಂಬ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಳೆಯ ಬಿರುಕಿನೊಳಗೆ ಧೂಳು, ಜೇಡರ ಬಲೆ, ಸುಣ್ಣ ಬಳಿದ ಗುರುತು ಇರುತ್ತದೆ, ಅಂಚು ಸವೆದಿರುತ್ತದೆ. ಹೊಸ ಬಿರುಕಿನ ಅಂಚು ಚೂಪಾಗಿದ್ದು, ಒಳಗಿನ ಮಣ್ಣಿನ ಬಣ್ಣ ತಾಜಾ ಇರುತ್ತದೆ. ಎರೆ ಭೂಮಿಯ ಮೇಲಿನ ಮನೆಗಳಲ್ಲಿ ನೆಲ ಹಿಗ್ಗಿ ಕುಗ್ಗುವುದರಿಂದ ಹಳೆಯ ಬಿರುಕುಗಳು ಸಾಮಾನ್ಯ. ಅವುಗಳನ್ನು ಹೊಸದೆಂದು ಬರೆದುಕೊಡಬಾರದು. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಜವಾದ ಹಾನಿಯೂ ನಂಬಿಕೆ ಕಳೆದುಕೊಳ್ಳುತ್ತದೆ.

(ಆ) “ಗೋಡೆ ಬಿದ್ದ ದಿನ ಮಳೆ-ಗಾಳಿ ಇರಲಿಲ್ಲ.” ಮೇಲೆ ಹೇಳಿದ ಪ್ರಕರಣದ ಕಾರಣ ಇದೇ. ಒಣಗಿದ ಮಣ್ಣಿನ ಗೋಡೆ ದೊಡ್ಡ ಭಾರವನ್ನು ಹೊರಬಲ್ಲದು. ನೀರು ಹೀರಿದಾಗ ಅದರ ತೂಕ ಹೆಚ್ಚುತ್ತದೆ, ಹೊರುವ ಶಕ್ತಿ ಕುಂದುತ್ತದೆ. ಮಾಳಿಗೆ ಮನೆಯಾಗಿದ್ದರೆ ಮೇಲಿನ ಮಣ್ಣೂ ನೀರು ಕುಡಿದು ತೊಲೆ, ಜಂತಿಗಳ ಮೇಲೆ ಭಾರ ಹೇರುತ್ತದೆ. ನೀರು ಗೋಡೆಯ ಒಳಭಾಗಕ್ಕೂ ಬುಡಕ್ಕೂ ಇಳಿಯಲು ಸಮಯ ಬೇಕು. ಆದ್ದರಿಂದ ಮಳೆ ನಿಂತ ಎರಡು, ಮೂರು, ನಾಲ್ಕನೆಯ ದಿನ, ಬಿಸಿಲಿಗೆ ಹೊರಮೈ ಒಣಗಿ ಬಿರಿಯುವ ಹೊತ್ತಿಗೆ, ಗೋಡೆ ಕುಸಿಯುವುದು ಅಸಹಜವೇನಲ್ಲ. ಗಾಳಿ ತಗಡನ್ನು ಒಯ್ದಿತು, ಮಳೆ ಗೋಡೆಯನ್ನು ನೆನೆಸಿತು, ನೆನೆದ ಗೋಡೆ ಬಿದ್ದಿತು. ಈ ಸರಣಿಯನ್ನು ತುಂಡಾಗದಂತೆ ತೋರಿಸಿದರೆ ಮೂಲ ಕಾರಣ ಬಿರುಗಾಳಿಯೇ ಎಂಬುದು ಸ್ಪಷ್ಟವಾಗುತ್ತದೆ. ವಿಮಾ ಕಾನೂನು ನೋಡುವುದೂ ಹಾನಿಯನ್ನು ಉಂಟುಮಾಡಿದ ಪ್ರಬಲ ಕಾರಣವನ್ನೇ.

(ಇ) “ಬಿರುಗಾಳಿ ಅಥವಾ ನೆರೆ ಆದ ಬಗ್ಗೆ ಆಧಾರವಿಲ್ಲ.” ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ, ಹೋಬಳಿ ಮಟ್ಟದಲ್ಲಿ ಗಾಳಿಯ ವೇಗವನ್ನು ದಾಖಲಿಸುವ ಹವಾಮಾನ ಕೇಂದ್ರಗಳನ್ನೂ ಸ್ಥಾಪಿಸಿದೆ. ಘಟನೆಯ ದಿನ ಹಾಗೂ ಅದರ ಹಿಂದು-ಮುಂದಿನ ಒಂದು ವಾರದ ಅಂಕಿಅಂಶವನ್ನು ಲಿಖಿತವಾಗಿ ಪಡೆಯಬೇಕು. ಅದೇ ದಿನ ಊರಿನಲ್ಲಿ ಬಿದ್ದ ಮರ, ವಿದ್ಯುತ್ ಕಂಬ, ಇತರ ಮನೆಗಳ ಹಾನಿಯ ವಿವರವೂ ಆಧಾರವಾಗುತ್ತದೆ. ಕಂಬ ಬಿದ್ದದ್ದು ಹೆಸ್ಕಾಂ ಶಾಖಾ ಕಚೇರಿಯ ದಾಖಲೆಯಲ್ಲಿರುತ್ತದೆ. ಗಾಳಿಯ ವೇಗ ಸಾಲದು ಎಂದು ಕಂಪನಿ ಹೇಳಿದರೆ, ಇಂತಿಷ್ಟು ವೇಗವಿರಬೇಕೆಂಬ ಷರತ್ತು ಪಾಲಿಸಿಯಲ್ಲಿ ಎಲ್ಲಿದೆ ಎಂದು ಕೇಳಬೇಕು. ನದಿ ಉಕ್ಕದೆ ಕೇವಲ ಮಳೆನೀರು ನಿಂತು ಹಾನಿಯಾದ ಸಂದರ್ಭದಲ್ಲಿ ‘ಇದು ನೆರೆಯಲ್ಲ’ ಎಂಬ ಆಕ್ಷೇಪಣೆ ಬರುವುದುಂಟು. ಪಾಲಿಸಿಯಲ್ಲಿ ನೆರೆಯ ಜೊತೆಗೆ ಜಲಾವೃತ ಎಂಬ ಪದವೂ ಇರುವುದನ್ನು ಆಗ ಎತ್ತಿ ತೋರಿಸಬೇಕು.

(ಈ) “ತಡವಾಗಿ ತಿಳಿಸಿದ್ದೀರಿ.” ತಿಳಿಸುವುದು ತಡವಾಗಬಾರದು. ಆದರೂ ರಸ್ತೆ ಕಡಿತ, ವಿದ್ಯುತ್ ಇಲ್ಲದಿರುವುದು, ಪಾಲಿಸಿ ಬ್ಯಾಂಕಿನಲ್ಲಿದ್ದದ್ದು, ಕುಟುಂಬ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಆಶ್ರಯ ಪಡೆದದ್ದು ಇವೆಲ್ಲ ನ್ಯಾಯವಾದ ಕಾರಣಗಳು. ವಾಹನ ಕಳವಿಗೆ ಸಂಬಂಧಿಸಿದ ಓಂ ಪ್ರಕಾಶ್ ವಿರುದ್ಧ ರಿಲಯನ್ಸ್ ಜನರಲ್ ಇನ್ಶೂರೆನ್ಸ್ ಪ್ರಕರಣದಲ್ಲಿ (2017) ಸುಪ್ರೀಂ ಕೋರ್ಟ್, ತಡಕ್ಕೆ ಸಮರ್ಪಕ ವಿವರಣೆಯಿದ್ದಾಗ ನಿಜವಾದ ಕ್ಲೇಮನ್ನು ಯಾಂತ್ರಿಕವಾಗಿ ತಿರಸ್ಕರಿಸಬಾರದು ಎಂದಿದೆ. ತಡಕ್ಕೆ ಕಾರಣವಾದ ಸ್ಥಿತಿಯನ್ನು ಪಂಚಾಯತಿ ದೃಢೀಕರಿಸಬಹುದು.

(ಉ) “ಮನೆ ನಿಮ್ಮ ಹೆಸರಿನಲ್ಲಿಲ್ಲ.” ತಂದೆ ತೀರಿಕೊಂಡು ವರ್ಷಗಳಾದರೂ ಉತಾರ ಅವರ ಹೆಸರಿನಲ್ಲಿಯೇ ಇರುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಮರಣ ಪ್ರಮಾಣಪತ್ರ, ವಂಶವೃಕ್ಷ, ಕರ ಪಾವತಿಯ ರಸೀದಿಗಳು, ಸಾಲದ ಕಾಗದ ಇವುಗಳಿಂದ ವಾಸ ಮತ್ತು ಹಿತಾಸಕ್ತಿಯನ್ನು ತೋರಿಸಬಹುದು. ಆದರೆ ಇದಕ್ಕೆ ನಿಜವಾದ ಪರಿಹಾರವೆಂದರೆ ಹಾನಿಯಾಗುವ ಮೊದಲೇ ವಾರಸಾ ದಾಖಲಿಸಿ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಸರಿಪಡಿಸಿಕೊಳ್ಳುವುದು.

(ಊ) ಪೂರ್ಣ ತಿರಸ್ಕಾರವಲ್ಲದೆ ಅಲ್ಪ ಮೊತ್ತ ಮಂಜೂರಾದಾಗ “ಪೂರ್ಣ ಮತ್ತು ಅಂತಿಮ” ಎಂಬ ಚೀಟಿಗೆ ಸಹಿ ಕೇಳುತ್ತಾರೆ. ಒಪ್ಪಿಗೆಯಿಲ್ಲದಿದ್ದರೆ ಸಹಿಗೆ ಮೊದಲು “ಬಾಕಿ ಮೊತ್ತದ ಹಕ್ಕನ್ನು ಕಾಯ್ದಿರಿಸಿ ಸ್ವೀಕರಿಸಿದೆ” ಎಂದು ಬರೆದು, ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು.

5. ಮೇಲ್ಮನವಿಯ ಮೆಟ್ಟಿಲುಗಳು ಮತ್ತು ಕಾಲಮಿತಿ

ಮೊದಲ ಮೆಟ್ಟಿಲು: ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿ. ತಿರಸ್ಕಾರ ಪತ್ರ, ಉತ್ತರ ಮತ್ತು ಸಾಕ್ಷ್ಯಗಳೊಂದಿಗೆ ನೋಂದಾಯಿತ ಅಂಚೆಯಲ್ಲಿ ಅಥವಾ ಇ-ಮೇಲಿನಲ್ಲಿ ಬರೆಯಬೇಕು. ಎರಡು ವಾರಗಳಲ್ಲಿ ಉತ್ತರ ಬರಬೇಕು. ಜೊತೆಯಲ್ಲಿಯೇ ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. ಪ್ರಾಧಿಕಾರದ 2024ರ ಜೂನ್ ತಿಂಗಳ ಸಮಗ್ರ ಸುತ್ತೋಲೆಯಂತೆ ಕ್ಲೇಮು ತಿಳಿಸಿದ 24 ಗಂಟೆಗಳಲ್ಲಿ ಸರ್ವೇಯರರ ನೇಮಕ, 15 ದಿನಗಳಲ್ಲಿ ವರದಿ, ವರದಿ ಬಂದ 7 ದಿನಗಳಲ್ಲಿ ತೀರ್ಮಾನ ಆಗಬೇಕು. ಇದು ಮೀರಿದ್ದರೆ ದೂರಿನಲ್ಲಿ ದಿನಾಂಕ ಸಹಿತ ಬರೆಯಿರಿ.

ಎರಡನೆಯ ಮೆಟ್ಟಿಲು: ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್. ಕಂಪನಿ ದೂರನ್ನು ತಳ್ಳಿಹಾಕಿದರೆ ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಒಂದು ವರ್ಷದೊಳಗೆ ಇಲ್ಲಿಗೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರು ಬೇಕಾಗಿಲ್ಲ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯಗಳನ್ನು ಆಲಿಸುತ್ತಾರೆ. ವಿಡಿಯೋ ಮೂಲಕ ವಿಚಾರಣೆಗೂ ಅವಕಾಶವಿರುವುದರಿಂದ ರಾಮದುರ್ಗದ ಕೊನೆಯ ಹಳ್ಳಿಯವರೂ ಬೆಂಗಳೂರಿಗೆ ಹೋಗಲೇಬೇಕೆಂದಿಲ್ಲ. ಓಂಬುಡ್ಸ್‌ಮನ್ ತೀರ್ಪನ್ನು ಕಂಪನಿ 30 ದಿನಗಳಲ್ಲಿ ಪಾಲಿಸಬೇಕು. ತೀರ್ಪು ಒಪ್ಪಿಗೆಯಾಗದಿದ್ದರೆ ದೂರುದಾರರು ಮುಂದಿನ ಮೆಟ್ಟಿಲಿಗೆ ಹೋಗಬಹುದು. ಆದರೆ ಅದೇ ವಿಷಯ ಗ್ರಾಹಕರ ಆಯೋಗದಲ್ಲಿಯೋ ನ್ಯಾಯಾಲಯದಲ್ಲಿಯೋ ಇದ್ದರೆ ಓಂಬುಡ್ಸ್‌ಮನ್ ಅದನ್ನು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಕ್ರಮ ತಪ್ಪಬಾರದು.

ಮೂರನೆಯ ಮೆಟ್ಟಿಲು: ಬೆಳಗಾವಿಯ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಪಾವತಿಸಿದ ಕಂತಿನ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಹಿಂದಿನ ಮೆಟ್ಟಿಲುಗಳಲ್ಲಿ ಸಮಯ ಕಳೆದು ಈ ಎರಡು ವರ್ಷ ಮೀರದಂತೆ ದಿನಾಂಕಗಳನ್ನು ಬರೆದಿಟ್ಟುಕೊಳ್ಳಬೇಕು. ಬೆಳಗಾವಿಯ ಖಾಯಂ ಲೋಕ ಅದಾಲತ್ತಿನಲ್ಲಿಯೂ ವಿಮಾ ಸೇವೆಯ ವ್ಯಾಜ್ಯಗಳನ್ನು ಇತ್ಯರ್ಥಪಡಿಸಿಕೊಳ್ಳಬಹುದು.

ವಕೀಲರ ನೆರವು ಬೇಕಾದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಹಾಗೆಯೇ ಸಾಮೂಹಿಕ ವಿಪತ್ತು, ನೆರೆ, ಬರ ಮುಂತಾದವುಗಳಿಗೆ ತುತ್ತಾದವರು ಉಚಿತ ಕಾನೂನು ನೆರವಿಗೆ ಅರ್ಹರು.

ಬ್ಯಾಂಕು ಕಂತನ್ನು ಕಡಿತ ಮಾಡಿಯೂ ಪಾಲಿಸಿ ನವೀಕರಿಸದೆ ಬಿಟ್ಟಿದ್ದರೆ ತಪ್ಪು ವಿಮಾ ಕಂಪನಿಯದಲ್ಲ. ಆಗ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಪರಿಹಾರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬೇಕು. ಮಾಹಿತಿಗೆ 14448 ಸಂಖ್ಯೆಯನ್ನು ಸಂಪರ್ಕಿಸಬಹುದು.

6. ಮನವಿಯ ಮಾದರಿ

ಪತ್ರ ಕನ್ನಡದಲ್ಲಿಯೇ ಇರಬಹುದು, ದೀರ್ಘವಾಗಿರಬೇಕಾಗಿಲ್ಲ. ಕೆಳಗಿನ ಮಾದರಿಯನ್ನು ಬಳಸಿಕೊಳ್ಳಬಹುದು.

“ಕುಂದುಕೊರತೆ ಪರಿಹಾರ ಅಧಿಕಾರಿಗಳಿಗೆ,
ವಿಷಯ: ಪಾಲಿಸಿ ಸಂಖ್ಯೆ ______, ಕ್ಲೇಮು ಸಂಖ್ಯೆ ______ ಮರುಪರಿಶೀಲಿಸುವ ಬಗ್ಗೆ.
ಉಲ್ಲೇಖ: ತಮ್ಮ ದಿನಾಂಕ ______ರ ತಿರಸ್ಕಾರ ಪತ್ರ.
ದಿನಾಂಕ ______ರಂದು ಸಂಜೆ ______ ಗಂಟೆಗೆ ಬೀಸಿದ ಬಿರುಗಾಳಿಯಿಂದ ನನ್ನ ಮನೆಯ ______ ಭಾಗದ ಛಾವಣಿ ಹಾರಿಹೋಯಿತು. ನಂತರ ಸುರಿದ ಮಳೆಯಿಂದ ನೆನೆದು ದಿನಾಂಕ ______ರಂದು ______ ಗೋಡೆ ಕುಸಿಯಿತು. ತಮ್ಮ ಪತ್ರದಲ್ಲಿ ______ ಎಂಬ ಕಾರಣ ನೀಡಿರುತ್ತೀರಿ. ಈ ಕಾರಣ ಸರಿಯಲ್ಲ. ಏಕೆಂದರೆ ______ (ಲಗತ್ತು 1, 2, 3 ನೋಡಿ). ಆದ್ದರಿಂದ ಕ್ಲೇಮನ್ನು ಮರುಪರಿಶೀಲಿಸಿ, ಅಂದಾಜು ಪಟ್ಟಿಯಂತೆ ರೂ. ______ ಮಂಜೂರು ಮಾಡಬೇಕೆಂದೂ, ಸರ್ವೇಯರರ ವರದಿಯ ಪ್ರತಿ ನೀಡಬೇಕೆಂದೂ ಕೋರುತ್ತೇನೆ.
ಲಗತ್ತುಗಳು: ಪಂಚನಾಮೆ, ಛಾಯಾಚಿತ್ರಗಳು, ಮಳೆ-ಗಾಳಿಯ ಅಂಕಿಅಂಶ, ಮನೆಯ ಉತಾರ, ದುರಸ್ತಿಯ ಅಂದಾಜು ಪಟ್ಟಿ.”

7. ಹಾನಿಯಾದ ಮೊದಲ ಮೂರು ದಿನಗಳಲ್ಲಿ ಸದಸ್ಯರ ಕೆಲಸ

ಮೇಲಿನ ಎಲ್ಲ ಮೆಟ್ಟಿಲುಗಳಲ್ಲಿಯೂ ಕೆಲಸಕ್ಕೆ ಬರುವುದು ಆರಂಭದಲ್ಲಿ ಮಾಡಿಟ್ಟ ದಾಖಲೆ. ಆರು ತಿಂಗಳ ನಂತರ ಬಿದ್ದ ಗೋಡೆ ಇರುವುದಿಲ್ಲ, ಕಾಗದ ಮಾತ್ರ ಇರುತ್ತದೆ. ಆದ್ದರಿಂದ ತಮ್ಮ ವಾರ್ಡಿನಲ್ಲಿ ಹಾನಿಯಾದೊಡನೆ ಈ ಕೆಳಗಿನವುಗಳನ್ನು ಮಾಡಿಸಿರಿ.

- ಗಾಳಿ ಬೀಸಿದ ದಿನ ಮತ್ತು ಸಮಯ, ಛಾವಣಿ ಹೋದ ದಿನ, ಗೋಡೆ ಬಿದ್ದ ದಿನ ಇವನ್ನು ಪಂಚನಾಮೆಯಲ್ಲಿ ಬೇರೆ ಬೇರೆಯಾಗಿ ಬರೆಯಿಸಿರಿ.
- ದಿನಾಂಕ ಮತ್ತು ಸ್ಥಳ ಮೂಡುವ ಮೊಬೈಲ್ ಕ್ಯಾಮರಾದಲ್ಲಿ ಚಿತ್ರ ತೆಗೆಯಿರಿ: ನಾಲ್ಕೂ ದಿಕ್ಕಿನಿಂದ ಮನೆ, ಹಾರಿ ಬಿದ್ದ ತಗಡು-ಹಂಚು, ಬೋಲ್ಟಿನ ತೂತು, ಗೋಡೆಯ ಮೇಲೆ ತೇವ ಏರಿದ ಮಟ್ಟ, ಬಿರುಕಿನ ಸಮೀಪ ಚಿತ್ರ, ಹಾಳಾದ ಧಾನ್ಯ ಮತ್ತು ಸಾಮಾನು.
- ಬಿದ್ದ ಭಾಗದ ಉದ್ದ, ಅಗಲ, ಎತ್ತರವನ್ನು ಅಳತೆ ಪಟ್ಟಿಯಿಂದ ಅಳೆದು ಬರೆಯಿರಿ.
- ಸರ್ವೇಯರರು ಬರುವ ಮೊದಲು ಅವಶೇಷಗಳನ್ನು ಪೂರ್ತಿ ತೆರವು ಮಾಡಬೇಡಿ. ಅಪಾಯವಿದ್ದರೆ ಚಿತ್ರ ತೆಗೆದು, ಪಂಚರ ಸಹಿ ಪಡೆದು ತೆರವು ಮಾಡಿ. ಹಾನಿ ಹೆಚ್ಚದಂತೆ ತಾಡಪತ್ರಿ ಹೊದಿಸುವುದು ಮನೆಯವರ ಕರ್ತವ್ಯ. ಅದರ ರಸೀದಿ ಇಟ್ಟುಕೊಳ್ಳಬೇಕು.
- ಕಂಪನಿಗೂ ಬ್ಯಾಂಕಿಗೂ ಅದೇ ದಿನ ತಿಳಿಸಿ, ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.
- ಎಲ್ಲದರ ಒಂದು ಪ್ರತಿ ಪಂಚಾಯತಿ ಕಚೇರಿಯ ಕಡತದಲ್ಲಿರಲಿ. ಮನೆಯೇ ಬಿದ್ದವರ ಬಳಿ ಕಾಗದ ಉಳಿಯುತ್ತದೆಂದು ನಂಬುವಂತಿಲ್ಲ.

ಮಳೆಗಾಲಕ್ಕೆ ಮೊದಲಿನ ಗ್ರಾಮಸಭೆಯಲ್ಲಿ ಮನೆಸಾಲ ಪಡೆದವರು ಪಾಲಿಸಿಯ ಪ್ರತಿಯನ್ನು ಮನೆಗೆ ತಂದಿಟ್ಟುಕೊಳ್ಳುವಂತೆ ತಿಳಿಸಬೇಕು. ಮನೆ ಚೆನ್ನಾಗಿದ್ದಾಗಲೇ ಅದರ ನಾಲ್ಕು ಚಿತ್ರ ತೆಗೆದಿಡುವಂತೆಯೂ ಹೇಳಬೇಕು. ‘ಗೋಡೆ ಮೊದಲೇ ಶಿಥಿಲವಾಗಿತ್ತು’ ಎಂಬ ಮಾತಿಗೆ ಅದಕ್ಕಿಂತ ಒಳ್ಳೆಯ ಉತ್ತರ ಬೇರೆ ಇಲ್ಲ.

ಕೊನೆಯಲ್ಲಿ

ಮೊದಲು ಹೇಳಿದ ಪ್ರಕರಣಕ್ಕೆ ಮರಳುತ್ತೇನೆ. ನಾನು ಮೊದಲಿನ ಪತ್ರವನ್ನು ಹಿಂಪಡೆಯಲಿಲ್ಲ, ತಿದ್ದಲೂ ಇಲ್ಲ; ಹಾಗೆ ಮಾಡಿದ್ದರೆ ಅನುಮಾನ ಹುಟ್ಟುತ್ತಿತ್ತು. ಅದರ ಮುಂದುವರಿಕೆಯಾಗಿ ಇನ್ನೊಂದು ಪತ್ರ ಬರೆದು, ಮೊದಲಿನದರಲ್ಲಿ ಗಾಳಿ ಬೀಸಿದ ದಿನವನ್ನು ನಮೂದಿಸದೆ ಬಿಟ್ಟದ್ದು ನನ್ನ ಲೋಪವೆಂದು ಒಪ್ಪಿಕೊಂಡೆ. ಮಳೆಯ ಅಂಕಿಅಂಶ, ಅದೇ ಸಂಜೆ ಆ ಓಣಿಯಲ್ಲಿ ಉರುಳಿದ ಕಂಬದ ದಾಖಲೆ, ನೆರೆಮನೆಯ ಹುಡುಗನ ಮೊಬೈಲಿನಲ್ಲಿದ್ದ ಹಾರಿಹೋದ ತಗಡಿನ ಚಿತ್ರ ಇವನ್ನು ಲಗತ್ತಿಸಿ ಆ ತಾಯಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದರು. ಮರುಪರಿಶೀಲನೆಯಲ್ಲಿ ತಗಡು ಮತ್ತು ಗೋಡೆಯ ಮೊತ್ತ ಮಂಜೂರಾಯಿತು. ನೆನೆದು ಹಾಳಾದ ಜೋಳದ ಚೀಲಗಳಿಗೆ ಏನೂ ಬರಲಿಲ್ಲ. ಅವುಗಳ ಚಿತ್ರವನ್ನು ಯಾರೂ ತೆಗೆದಿರಲಿಲ್ಲ.

ಅಂದಿನಿಂದ ನಾನು ಪಂಚನಾಮೆಗೆ ಹೋದಾಗ ಮನೆಯವರಿಗೆ ಕೇಳುವ ಮೊದಲ ಪ್ರಶ್ನೆ “ಗೋಡೆ ಯಾವಾಗ ಬಿತ್ತು” ಎಂಬುದಲ್ಲ, “ಗಾಳಿ ಯಾವಾಗ ಬೀಸಿತು” ಎಂಬುದು. ತಾವೂ ತಮ್ಮ ವಾರ್ಡಿನಲ್ಲಿ ಅದನ್ನೇ ಮೊದಲು ಕೇಳಿ, ಬರೆಯಿಸಬೇಕೆಂದು ಕೋರುತ್ತೇನೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಬೈಲಹೊಂಗಲ ಉಪವಿಭಾಗ